ತಲೆಗೆ ಪೆಟ್ಟಾಗಿ ವರ್ಷವಾಯಿತು, ಚೇತರಿಕೆ ನಿಧಾನ. ಹುಮ್ಮಸ್ಸು ಉಳಿಸಿಕೊಳ್ಳುವುದು ಹೇಗೆ?

ಮೊದಲ 6 ತಿಂಗಳ ವೇಗ ಆಮೇಲೆ ಇರುವುದಿಲ್ಲ. ಆದರೆ ಸುಧಾರಣೆ 2 ವರ್ಷದ ನಂತರವೂ ಸಾಗಬಹುದು. ಹಾಗಾಗಿ ನಿನ್ನೆಯ ಜತೆ ಹೋಲಿಸಬೇಡಿ. ಅಂಗಿಯ ಗುಂಡಿ ಹಾಕುವಂಥ ಒಂದೇ ಕೆಲಸವನ್ನು ತಿಂಗಳಿಗೊಮ್ಮೆ ವಿಡಿಯೊ ಮಾಡಿ, 3 ತಿಂಗಳ ಹಿಂದಿನದರ ಪಕ್ಕ ಇಟ್ಟು ನೋಡಿ.

ಹೆಚ್ಚಿನವರು ಎಡವುವುದು ಚೆನ್ನಾಗಿರುವ ದಿನವೇ. ಅಂದು ಎಲ್ಲವನ್ನೂ ಮಾಡಿಬಿಡುತ್ತಾರೆ. ಮರುದಿನ ಏಳಲಾಗದೆ ನಿರಾಶರಾಗುತ್ತಾರೆ. 15–20 ನಿಮಿಷ ಅಭ್ಯಾಸ ಮಾಡಿ, ಸುಸ್ತಾಗುವ ಮೊದಲೇ ವಿಶ್ರಾಂತಿ ತೆಗೆದುಕೊಳ್ಳಿ. ಒಳ್ಳೆಯ ದಿನಕ್ಕೂ ಇದೇ ಅಳತೆ.

ಮನೆಯವರಿಗೊಂದು ಮಾತು: ಮಿದುಳಿನ ಮುಂಭಾಗಕ್ಕೆ ಪೆಟ್ಟಾದರೆ ಕೆಲಸ ಶುರುಮಾಡುವ ಶಕ್ತಿಯೇ ಕುಂದಬಹುದು. ಅದು ಸೋಮಾರಿತನ ಅಲ್ಲವೇ ಅಲ್ಲ, ದಯವಿಟ್ಟು ಬೈಯಬೇಡಿ. ಫೋನಿನಲ್ಲಿ ಅಲಾರಂ ಇಟ್ಟು, ಮೊದಲ ಹೆಜ್ಜೆಯನ್ನಷ್ಟೇ ಹೇಳಿ: "ಬ್ರಷ್ ಕೈಗೆ ತಗೊಳ್ಳಿ."

ಬೇಸರ, ನಿದ್ರಾಹೀನತೆ 2 ವಾರ ಮೀರಿದರೆ ಖಿನ್ನತೆ ಇರಬಹುದು, ವೈದ್ಯರಿಗೆ ತಿಳಿಸಿ. ಬದುಕು ಸಾಕು ಎಂಬ ಮಾತು ಬಂದರೆ ಅಂದೇ ಕರೆದೊಯ್ಯಿರಿ.