ಮನೆಗೇ ಟೀಚರ್ ಬರ್ತಾರೆ ಅಂತ ಸಹಿ ಹಾಕಿಸಿಕೊಂಡರೆ

ಹೆಸರು ಬದಲಿಸಿದ್ದೇನೆ, ಗುರುತು ಸಿಗುವ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ತಾಲೂಕು ಹೇಳಲ್ಲ. ಕೊಪ್ಪಳ ಜಿಲ್ಲೆ, ತುಂಗಭದ್ರಾ ಕಾಲುವೆ ನೀರು ಹರಿಯುವ ಭತ್ತದ ಸೀಮೆ ಅಂದರೆ ಸಾಕು. ತಾಯಿಯನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ ಮೇಡಂ, ನನ್ನಂಗ ಇನ್ನೊಬ್ಬಾಕಿ ಹೆಬ್ಬೆಟ್ಟು ಒತ್ತಬಾರ್ದು" ಅಂದರು.

ಹುಡುಗಿಯನ್ನು ಹುಲಿಗೆಮ್ಮ ಅಂತ ಕರೆಯೋಣ. 12 ವರ್ಷ, 6ನೇ ತರಗತಿ, ಸರ್ಕಾರಿ ಶಾಲೆ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ. ಗೋಡೆ ಹಿಡಿದು ನಡೆಯುತ್ತಾಳೆ. ಮಾತು ನಿಧಾನ, ಆದರೆ ಕಾದು ಕೇಳಿದರೆ ಅರ್ಥವಾಗುತ್ತದೆ. ಸಮಾಲೋಚನೆಗೆ ಅಂತ ನನ್ನ ಹತ್ತಿರ ಅವಳನ್ನು ಕಳಿಸಿದ್ದು ಡಾಕ್ಟರು. ಕಾರಣ ಶಾಲೆ ಅಲ್ಲ. ಊಟ ಬಿಟ್ಟಿದ್ದಾಳೆ, ಸಿಟ್ಟು ಬಂದರೆ ತನ್ನ ಕೈ ತಾನೇ ಕಚ್ಚಿಕೊಳ್ಳುತ್ತಾಳೆ, ರಾತ್ರಿ ನಿದ್ದೆ ಇಲ್ಲ. ಮನೆಯಲ್ಲಿ ಎಲ್ಲರೂ ಇದನ್ನು ದೊಡ್ಡವಳಾಗಿದ್ದರ ಲೆಕ್ಕಕ್ಕೆ ಹಾಕಿದ್ದರು. ಅಜ್ಜಿಯಂತೂ ಹುಲಿಗಿಗೆ ಹೋಗಿ ಹರಕೆ ಕಟ್ಟಿಕೊಂಡು ಬಂದಿದ್ದರು. ಕಟ್ಟಿಕೊಳ್ಳಲಿ, ಅದರಿಂದ ನಷ್ಟ ಏನಿಲ್ಲ.

ಯಾವಾಗಿನಿಂದ ಹೀಗೆ ಅಂತ ಕೇಳಿದೆ. ದಸರಾ ರಜೆ ಮುಗಿದ ಮೇಲೆ ಅಂದರು. ಶಾಲೆ ಶುರುವಾದ ಮೇಲಾ? "ಇಲ್ರೀ, ಈಕಿಗೆ ಸಾಲಿ ಇಲ್ಲ ಈಗ. ಮನೀಗೇ ಟೀಚರ್ ಕಳಸ್ತೀವಿ, ನಿಮಗೂ ಆರಾಮ ಆಕಿಗೂ ಆರಾಮ ಅಂದ್ರು. ಕಾಗದಕ್ಕ ಒತ್ತೀನಿ." ಯಾವ ಕಾಗದ ಅಂತ ಅವರಿಗೆ ಗೊತ್ತಿರಲಿಲ್ಲ. ಅದರ ಕಾಪಿಯನ್ನೂ ಕೊಟ್ಟಿರಲಿಲ್ಲ.

ತಾಯಿಯನ್ನು ಹೊರಗೆ ಕೂರಿಸಿ ಹುಡುಗಿಯ ಜೊತೆ ಸ್ವಲ್ಪ ಹೊತ್ತು ಕೂತೆ. ಗೆಳತಿಯರು ಯಾರು ಅಂತ ಕೇಳಿದ್ದಕ್ಕೆ ಒಂದೊಂದೇ ಹೆಸರು ಹೇಳುತ್ತಾ ಹೋದಳು. ಪ್ರತಿ ಹೆಸರಿಗೂ ಬಾಯಿ ತಿರುಗಿಸಿ, ಉಗುಳು ನುಂಗಿ, ಮತ್ತೆ ಶುರು. ಅರ್ಧ ದಾರಿಯಲ್ಲಿ ನನಗೆ ಹೊಳೆಯಿತು, ಇದು ಗೆಳತಿಯರ ಪಟ್ಟಿ ಅಲ್ಲ, ಹಾಜರಿ. ಹುಡುಗರ ಹೆಸರು ಮೊದಲು, ಆಮೇಲೆ ಹುಡುಗಿಯರದು, ಟೀಚರ್ ಕರೆಯುವ ಕ್ರಮದಲ್ಲೇ. ತನ್ನ ಹೆಸರು ಬಂದಾಗ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಕರೆದೆ. "ಪ್ರೆಸೆಂಟ್ ಟೀಚರ್" ಅಂದು ಮುಂದಿನ ಹೆಸರಿಗೆ ಹೋದಳು. ಊಟ ಬಿಟ್ಟದ್ದು ಯಾಕೆ ಅಂತ ನಾನು ಬೇರೆ ಪರೀಕ್ಷೆ ಮಾಡಬೇಕಿರಲಿಲ್ಲ, ಅಲ್ವಾ?

ತಮಾಷೆ ಏನೆಂದರೆ ಶಾಲೆಯ ದಾಖಲೆಯಲ್ಲಿ ಅವಳ ಹೆಸರು ಇದ್ದೇ ಇತ್ತು. ಗೃಹಾಧಾರಿತ ಶಿಕ್ಷಣ ಅಂದರೆ ಹಾಗೇ. ದಾಖಲಾತಿ ಹತ್ತಿರದ ಶಾಲೆಯಲ್ಲಿ, ಪಾಠ ಮನೆಯಲ್ಲಿ. ಹಾಸಿಗೆಯಿಂದ ಏಳಲಾಗದ ಮಗುವಿಗೆ ಇದು ದೊಡ್ಡ ಆಸರೆ, ಅದನ್ನು ನಾನು ಕಡಿಮೆ ಮಾಡಿ ಹೇಳಲ್ಲ. ಆದರೆ ಹುಲಿಗೆಮ್ಮ ಐದನೇ ತರಗತಿವರೆಗೆ ದಿನಾ ಶಾಲೆಗೆ ಹೋಗಿ ಬಂದವಳು. ಈಗ ಎರಡು ವಾರಕ್ಕೊಮ್ಮೆ ಒಬ್ಬರು ಬಂದು ಒಂದು ತಾಸು ಕೂತು ಹೋಗುತ್ತಿದ್ದರು. ಅವರ ತಪ್ಪೂ ಇಲ್ಲ, ಅವರಿಗೆ ನೋಡಬೇಕಾದ ಮಕ್ಕಳು ಊರೂರಲ್ಲಿ.

ಹಾಗಾದರೆ ಶಾಲೆ ಯಾಕೆ ಬೇಡ ಅಂತು? ತಾಯಿಯ ಅನುಮತಿ ತಗೊಂಡು ಹೆಡ್‌ಮಾಸ್ತರ ಹತ್ತಿರ ಮಾತಾಡಿದೆ. ಕೆಟ್ಟ ಮನುಷ್ಯ ಅಲ್ಲ. ಮೊದಲು ಸುರಕ್ಷತೆ ಅಂದರು, ಆಮೇಲೆ ಬೇರೆ ಮಕ್ಕಳ ಪೋಷಕರು ಅಂದರು, ಕೊನೆಗೆ ನಿಜ ಹೇಳಿದರು: ಶೌಚಾಲಯ. ನೆಲಮಟ್ಟದ ಪ್ಯಾನ್, ಹಿಡಿಯಲು ಕಂಬಿ ಇಲ್ಲ, ಎರಡು ಮೆಟ್ಟಿಲು ಬೇರೆ. ಎರಡು ಸಲ ದಾರಿಯಲ್ಲೇ ಬಟ್ಟೆ ಒದ್ದೆಯಾಗಿದೆ. ಮುಟ್ಟು ಶುರುವಾದ ಮೇಲೆ ಟೀಚರುಗಳಿಗೂ ಗಾಬರಿ. ಶಾಲೆಯಲ್ಲಿ ಆಯಾ ಇಲ್ಲ.

ಆದರೆ ಹೋದ ವರ್ಷ ಇಲ್ಲದ ತೊಂದರೆ ಈ ವರ್ಷ ಹೇಗೆ ಬಂತು? ಉತ್ತರ ಅವಳ ಕಾಲಲ್ಲೇ ಇತ್ತು. ಮೂರನೇ ತರಗತಿಯಲ್ಲಿದ್ದಾಗ ಶಿಬಿರದಲ್ಲಿ ಕೊಟ್ಟ ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಸರೆ) ಈಗ ಗೇಣುದ್ದ ಗಿಡ್ಡ. ಬೆಲ್ಟಿನ ಕೊನೆಯ ತೂತಿಗೂ ಸಾಲದೆ ತಾಯಿ ಸೀರೆ ಅಂಚಿನಿಂದ ಕಟ್ಟುತ್ತಿದ್ದರು. ಮೊಣಕಾಲ ಕೆಳಗೆ ಚರ್ಮ ಕಪ್ಪಾಗಿತ್ತು. ನೋವಿಗೆ ಅದನ್ನು ಹಾಕುವುದೇ ಬಿಟ್ಟಳು, ನಡಿಗೆ ನಿಧಾನವಾಯಿತು, ಶೌಚಾಲಯ ಮುಟ್ಟುವಷ್ಟರಲ್ಲಿ ತಡ. ಅಲ್ಲಿಂದ ಶುರುವಾಗಿ ಮಗು ಮನೆ ಸೇರಿತು.

ಮನೆಯಲ್ಲಿ ಇನ್ನೊಂದು ನಡೆದಿತ್ತು. ನಾಟಿ ಸಮಯ, ತಾಯಿ ಕೂಲಿ ಬಿಡುವ ಹಾಗಿಲ್ಲ. ತಂಗಿಯನ್ನು ನೋಡಿಕೊಳ್ಳಲು ಅಕ್ಕನನ್ನು ಶಾಲೆ ಬಿಡಿಸುತ್ತಿದ್ದರು. ಅಕ್ಕ 9ನೇ ತರಗತಿ. ಮೊದಲು ವಾರಕ್ಕೆರಡು ದಿನ, ಆಮೇಲೆ ಜಾಸ್ತಿ. ಒಂದು ಹೆಬ್ಬೆಟ್ಟಿಗೆ ಎರಡು ಮಕ್ಕಳ ಶಾಲೆ ಹೋಗುತ್ತಿತ್ತು, ಸರ್ಕಾರಿ ಲೆಕ್ಕದಲ್ಲಿ ಮಾತ್ರ ಇಬ್ಬರೂ ಓದುತ್ತಿದ್ದರು.

ನಾನು ತಾಯಿಗೆ ಮೊದಲು ಕೇಳಿದ್ದು, ನಿಮಗೇನು ಬೇಕು ಅಂತ. ಕಾನೂನು ಹೇಳಿ ತಲೆ ತುಂಬಿಸುವುದು ಸುಲಭ. ಅವರಿಗೆ ಮಗಳು ಮನೆಯಲ್ಲೇ ಇದ್ದರೆ ನಿರಾಳ ಅನಿಸಿದ್ದರೆ ಅದನ್ನೂ ಹೇಳಲು ಜಾಗ ಬೇಕು. ಸುಮ್ಮನಿದ್ದರು. ಆಮೇಲೆ, "ಕರೆ ಹೇಳ್ತೀನ್ರೀ, ಮಾಸ್ತರು ಫೋನ್ ಮಾಡಿ ಕರಿಯೋದು ತಪ್ಪಿತು ಅಂತ ಮೊದ್ಲು ಹಗರ ಅನಿಸ್ತು. ಈಗ ಆಕಿ ಮುಖ ನೋಡಾಕ ಆಗವಲ್ದು" ಅಂದು ಅತ್ತರು. ಆ ಹಗುರ ಅನಿಸಿದ್ದು ತಪ್ಪಲ್ಲ ಅಂತ ಹೇಳಿದೆ. ದಣಿದವರಿಗೆ ಹಾಗೆ ಅನಿಸುತ್ತದೆ.

ಆಮೇಲೆ ಅವರ ದೊಡ್ಡ ಪ್ರಶ್ನೆ: ಒತ್ತಿಬಿಟ್ಟಿದ್ದೀನಿ, ಇನ್ನೇನು ಮಾಡಲಿಕ್ಕೆ ಬರುತ್ತೆ?

ಬರುತ್ತೆ. 2009ರ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದಾಗ ಮನೆ ಶಿಕ್ಷಣದ ಮಾತು ಸೇರಿತು. ಅದನ್ನು ಬರೆದಿರುವುದು ಮಗುವಿನ ಹಕ್ಕಾಗಿ. ತೀವ್ರ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಗು ಬೇಕಾದರೆ ಅದನ್ನು ಆರಿಸಿಕೊಳ್ಳಬಹುದು. ಶಾಲೆ ಮಗುವಿನ ಪರವಾಗಿ ಆರಿಸುವಂತಿಲ್ಲ. ತೀವ್ರ ಅಂದರೆ ಶೇ 80 ಅಥವಾ ಹೆಚ್ಚು. ಹುಲಿಗೆಮ್ಮನ ಯುಡಿಐಡಿ (ಅಂಗವೈಕಲ್ಯದ ಗುರುತಿನ) ಕಾರ್ಡಿನಲ್ಲಿ ಇರುವುದು ಶೇ 55, ಅದೂ ಒಂದೇ ಬಗೆ. 2016ರ ಅಂಗವಿಕಲರ ಹಕ್ಕು ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ. ಶೇ 40 ಅಥವಾ ಹೆಚ್ಚು ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲಿ, ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ. ಕಟ್ಟಡ, ಶೌಚಾಲಯ ಆ ಮಗು ಬಳಸುವ ಹಾಗೆ ಇರಬೇಕು ಅಂತಲೂ ಅದರಲ್ಲೇ ಇದೆ. ಅಂದರೆ ಶೌಚಾಲಯ ಸರಿ ಇಲ್ಲ ಅನ್ನುವುದು ಶಾಲೆ ಸರಿಮಾಡಬೇಕಾದ ಕೆಲಸ, ಮಗುವನ್ನು ಕಳಿಸಲು ಕಾರಣ ಅಲ್ಲ.

ಇಷ್ಟೆಲ್ಲ ಬಾಯಲ್ಲಿ ಹೇಳಿ ಪ್ರಯೋಜನ ಇಲ್ಲ. ಅಕ್ಕನ ಕೈಯಲ್ಲೇ ಪತ್ರ ಬರೆಸಿದೆವು, ಅವಳ ಅಕ್ಷರ ಚೆನ್ನಾಗಿದೆ. "ನನ್ನ ಮಗಳಿಗೆ ಮನೆ ಶಿಕ್ಷಣ ಬೇಡ. ಹಿಂದೆ ಕೊಟ್ಟ ಒಪ್ಪಿಗೆ ವಾಪಸ್ ಪಡೆದಿದ್ದೇನೆ. ಸೋಮವಾರದಿಂದ ಶಾಲೆಗೆ ಬರುತ್ತಾಳೆ. ಕಮೋಡ್, ಕಂಬಿ, ಇಳಿಜಾರು ದಾರಿ ಮಾಡಿಸಿಕೊಡಿ. ಹೊಸ ಕ್ಯಾಲಿಪರ್‌ಗೆ ಅಳತೆ ತೆಗೆಸಿಕೊಡಿ. ಬಿಐಇಆರ್‌ಟಿ ಅವರು ಶಾಲೆಗೇ ಬಂದು ಪಾಠದ ಯೋಜನೆ ಮಾಡಿಕೊಡಲಿ." ಇಷ್ಟೇ. ಬಿಐಇಆರ್‌ಟಿ ಅಂದರೆ ತಾಲೂಕಿನ ವಿಶೇಷ ಶಿಕ್ಷಕರು. ಮುಖ್ಯೋಪಾಧ್ಯಾಯರಿಗೆ ಒಂದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೆ ಒಂದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು. ನಿಮ್ಮ ಕಾಪಿ ಮೇಲೆ ಸೀಲು, ತಾರೀಕು ಹಾಕಿಸಿಕೊಂಡೇ ಹೊರಗೆ ಬನ್ನಿ ಅಂದೆ. ಅದೂ ಕೆಲಸ ಮಾಡದಿದ್ದರೆ ಡಿಡಿಪಿಐ, ಅಂದರೆ ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರ ಕಚೇರಿ. ವಿಕಲಚೇತನ ಮಕ್ಕಳ ದಾಖಲಾತಿ ಮತ್ತು ಸೌಲಭ್ಯ ನೋಡಿಕೊಳ್ಳಲು ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಒಬ್ಬ ನೋಡಲ್ ಅಧಿಕಾರಿ ಇರಬೇಕು ಅಂತ 2017ರ ನಿಯಮಗಳಲ್ಲಿದೆ. ಅದರ ಮೇಲೆ ಬೆಂಗಳೂರಿನಲ್ಲಿ ಅಂಗವಿಕಲರ ರಾಜ್ಯ ಆಯುಕ್ತರು. ಅಲ್ಲಿವರೆಗೆ ಹೋಗಬೇಕಾಗಲಿಲ್ಲ.

ಅರ್ಜಿ ಹಿಡಿದು ಹೋಗಲು ಪಂಚಾಯಿತಿಯ ವಿ.ಆರ್.ಡಬ್ಲ್ಯೂ (ಅಂಗವಿಕಲರಿಗೆ ನೆರವಾಗುವ ಪುನರ್ವಸತಿ ಕಾರ್ಯಕರ್ತ) ಅವರನ್ನು ಜೊತೆಗೆ ಕರ್ಕೊಂಡು ಹೋಗಿ ಅಂದಿದ್ದೆ. ಕಚೇರಿಯಲ್ಲಿ ಯಾವ ಟೇಬಲ್ ಅಂತ ಅವರಿಗೆ ಗೊತ್ತಿರುತ್ತದೆ. ಆ ಮನುಷ್ಯ ಇನ್ನೊಂದು ವಿಷಯ ಎತ್ತಿದರು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯದ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ, ವರ್ಷಕ್ಕೆ 10 ತಿಂಗಳು ಪ್ರೋತ್ಸಾಹಧನ ಇದೆ. ಇವಳಿಗೆ ಬಂದೇ ಇರಲಿಲ್ಲ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ. ದೊಡ್ಡ ದುಡ್ಡಲ್ಲ, ಆದರೆ ಅವಳದು.

ಒಂದು ಮಾತು ಸಿಟ್ಟಿನಿಂದಲೇ ಹೇಳುತ್ತೇನೆ. ಇಂಥ ಎಷ್ಟು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಅಂತ ನಿಗದಿ ಮಾಡಿ ಅಂತ 2021ರಲ್ಲಿ ಸುಪ್ರೀಂ ಕೋರ್ಟು ಹೇಳಿತು; 2022ರಲ್ಲಿ ಕೇಂದ್ರ ಸರ್ಕಾರ 1ರಿಂದ 5ನೇ ತರಗತಿಯಲ್ಲಿ 10 ಮಕ್ಕಳಿಗೆ ಒಬ್ಬ, 6ರಿಂದ 8ರಲ್ಲಿ 15 ಮಕ್ಕಳಿಗೆ ಒಬ್ಬ ಅಂತ ಗೊತ್ತುಮಾಡಿತು. ನಮ್ಮ ಕಡೆ ಬಿಐಇಆರ್‌ಟಿ ಒಬ್ಬರು ತಾಲೂಕಿನ ಉದ್ದಗಲ ಬಸ್ಸಲ್ಲಿ ಓಡಾಡುತ್ತಾರೆ. ಹೆಡ್‌ಮಾಸ್ತರು ಮಗುವನ್ನು ಮನೆಗೆ ಕಳಿಸಿದ್ದು ತಪ್ಪು. ಅವರನ್ನು ಒಂಟಿ ಬಿಟ್ಟವರದ್ದೂ ತಪ್ಪೇ.

ಈಗ ಹುಲಿಗೆಮ್ಮ ಶಾಲೆಗೆ ಹೋಗುತ್ತಿದ್ದಾಳೆ. ಎಸ್‌ಡಿಎಂಸಿಯವರು ಪ್ಯಾನ್ ಮೇಲಿಡುವ ಕಮೋಡ್ ಕುರ್ಚಿ ತಂದರು, ಊರಿನ ಗೌಂಡಿ ಕಂಬಿ ಹಾಕಿ ಇಳಿಜಾರು ಮಾಡಿಕೊಟ್ಟ. ಊಟದ ಗಂಟೆಗೆ ಹತ್ತು ನಿಮಿಷ ಮೊದಲೇ ಅವಳನ್ನು ಬಿಡುತ್ತಾರೆ, ಅಷ್ಟಕ್ಕೇ ಅರ್ಧ ತೊಂದರೆ ಹೋಯಿತು. ಮುಟ್ಟಿನ ದಿನಗಳಲ್ಲಿ ಏನು ಮಾಡಬೇಕು ಅಂತ ತಾಯಿ ಮತ್ತು ಒಬ್ಬ ಟೀಚರ್ ಕೂತು ಮಾತಾಡಿದ್ದಾರೆ, ಆದರೂ ಆಗ ಎರಡು ದಿನ ಮನೆಯಲ್ಲೇ ಉಳಿಯುತ್ತಾಳೆ. ಕ್ಯಾಲಿಪರ್ ಅಳತೆ ಆಗಿದೆ, ಇನ್ನೂ ಬಂದಿಲ್ಲ. ಕೈ ಕಚ್ಚಿಕೊಳ್ಳುವುದು ಪೂರ್ತಿ ನಿಂತಿಲ್ಲ, ಅದಕ್ಕೆ ನನ್ನ ಹತ್ತಿರ ಬರುತ್ತಿದ್ದಾಳೆ.

ಮುಂದಿನ ಕೆಲಸ ಇರುವುದು ಹೈಸ್ಕೂಲಿನದು. ಈ ಶಾಲೆ 7ಕ್ಕೆ ಮುಗಿಯುತ್ತದೆ, ಹೈಸ್ಕೂಲು ಪಕ್ಕದ ಊರಲ್ಲಿ, ಬಸ್ ಹತ್ತಿ ಇಳಿಯಲು ಅವಳಿಗೆ ಆಗಲ್ಲ. ಅಷ್ಟೊತ್ತಿಗೆ 14 ತುಂಬುತ್ತದೆ, ಶಿಕ್ಷಣ ಹಕ್ಕು ಕಾಯ್ದೆಯ ವಯಸ್ಸು ಮುಗಿಯಿತು ಅಂತ ಯಾರಾದರೂ ಹೇಳಿದರೆ 2016ರ ಕಾಯ್ದೆ 18ರವರೆಗೆ ಅಂತ ಹೇಳಿ ಅಂದಿದ್ದೇನೆ. ಸಾರಿಗೆ ಭತ್ಯೆ ಮತ್ತು ಜೊತೆಗೆ ಕರೆದುಕೊಂಡು ಹೋಗುವವರ ಭತ್ಯೆಗೆ ಅರ್ಜಿ ಈಗಲೇ ಹಾಕಿಸುತ್ತಿದ್ದೇವೆ. ಈ ಸಲದ ಅರ್ಜಿಯನ್ನೂ ಅಕ್ಕನೇ ಬರೆದಳು, ಆದರೆ ಭಾನುವಾರ ಬರೆದಳು.