ಪರದೇಶದಲ್ಲಿ ಮೋಸ ಹೋದರೆ ಮೊದಲ ಫೋನ್ ಯಾರಿಗೆ?

ಪ್ರಶ್ನೆ: ಓದಲು ಇಂಗ್ಲೆಂಡಿಗೆ ಬಂದಿದ್ದೇನೆ. ಆನ್‌ಲೈನ್‌ನಲ್ಲಿ ಕಂಡ ಕೋಣೆಗೆ, ನೋಡದೆಯೇ, ಇಲ್ಲಿನ ನನ್ನ ಖಾತೆಯಿಂದ ಡೆಪಾಸಿಟ್ ಕಳಿಸಿದೆ. ಈಗ ಮಾಲೀಕನ ಫೋನ್ ಸ್ವಿಚ್ ಆಫ್. ಮನೆಯಲ್ಲಿ ಹೇಳಲು ನಾಚಿಕೆ. ಹೋದದ್ದು ಹೋಯಿತು ಎಂದು ಸುಮ್ಮನಿರಲೇ?

ಉತ್ತರ: ದಯವಿಟ್ಟು ಸುಮ್ಮನಿರಬೇಡಿ. ಮೊದಲು ಬ್ಯಾಂಕಿಗೆ ಫೋನ್ ಮಾಡಿ, ಉಳಿದದ್ದೆಲ್ಲ ಆಮೇಲೆ. ಬ್ರಿಟನ್ನಿನಲ್ಲಿ 159ಕ್ಕೆ ಕರೆ ಮಾಡಿದರೆ ಅಲ್ಲಿನ ಬಹುತೇಕ ದೊಡ್ಡ ಬ್ಯಾಂಕುಗಳಿಗೆ ನೇರ ಸಂಪರ್ಕ ಸಿಗುತ್ತದೆ. ನಿಮ್ಮ ವಿಷಯದಲ್ಲಿ ಒಂದು ಭರವಸೆಯೂ ಇದೆ. 2024ರ ಅಕ್ಟೋಬರ್ 7ರಿಂದ ಅಲ್ಲೊಂದು ನಿಯಮ ಜಾರಿಯಲ್ಲಿದೆ: ನಂಬಿಸಿ ಹಣ ಹಾಕಿಸಿಕೊಂಡ ಮೋಸದಲ್ಲಿ, ಎರಡೂ ಖಾತೆಗಳು ಬ್ರಿಟನ್ನಿನವೇ ಆಗಿದ್ದರೆ, ಬ್ಯಾಂಕು 85,000 ಪೌಂಡ್‌ವರೆಗೆ ವಾಪಸ್ ಕೊಡಬೇಕು. ತೀರಾ ಬೇಜವಾಬ್ದಾರಿಯಿಂದ ನಡೆದುಕೊಂಡಿರಿ ಎಂದು ಬ್ಯಾಂಕು ಸಾಬೀತು ಮಾಡಿದರೆ ಸಿಗದೆ ಹೋಗಬಹುದು, ಸಣ್ಣ ಮೊತ್ತವನ್ನು ಕಡಿತವೂ ಮಾಡಬಹುದು. ಆದರೂ ಕೇಳುವುದು ನಿಮ್ಮ ಹಕ್ಕು, ಅದಕ್ಕೆ 13 ತಿಂಗಳ ಗಡುವಿದೆ. ಹಾಗಂತ ಕಾಯಬೇಡಿ. ಎದುರಿನ ಖಾತೆಯಲ್ಲಿ ಹಣ ಇನ್ನೂ ಉಳಿದಿದ್ದರೆ ಅದನ್ನು ತಡೆಯಲು ಆಗುವುದು ಮೊದಲ ಕೆಲವು ಗಂಟೆಗಳಲ್ಲೇ.

ಬೇಜಾರಿನಲ್ಲಿ ಚಾಟ್ ಅಳಿಸಿಬಿಡುತ್ತಾರೆ ಜನ, ಅದನ್ನು ಮಾತ್ರ ಮಾಡಬೇಡಿ. ಜಾಹೀರಾತು, ಮೆಸೇಜು, ಅವನ ಖಾತೆ ಸಂಖ್ಯೆ, ಹಣ ಹೋದ ರಸೀದಿ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಪೊಲೀಸರಿಗೂ ದೂರು ಕೊಟ್ಟು ದೂರಿನ ಸಂಖ್ಯೆ ಬರೆದುಕೊಳ್ಳಿ, ಜಾಹೀರಾತು ಹಾಕಿದ್ದ ತಾಣಕ್ಕೂ ತಿಳಿಸಿ. ಅದೇ ಕೋಣೆಯ ಫೋಟೋ ತೋರಿಸಿ ಅವನು ಇನ್ನೊಬ್ಬರನ್ನು ಹಿಡಿಯುತ್ತಿರಬಹುದು, ಅಲ್ವಾ?

ನಾಚಿಕೆಯ ಮಾತು ಬರೆದಿದ್ದೀರಿ. ಈ ಕಳ್ಳರು ನಂಬಿಕೊಂಡಿರುವುದೇ ಆ ನಾಚಿಕೆಯನ್ನು. ಹೊಸ ದೇಶ, ಕಾಲೇಜು ಶುರುವಾಗುವ ಆತುರ, ಖುದ್ದಾಗಿ ಹೋಗಿ ನೋಡಲು ಆಗದ ದೂರ, ಇಷ್ಟೂ ಗೊತ್ತಿದ್ದೇ ಅವರು ಬಲೆ ಹಾಕುತ್ತಾರೆ. ತಪ್ಪು ಅವರದು. ಇವತ್ತೇ ಮನೆಯವರಿಗೆ ಹೇಳಿ.

ಪ್ರಶ್ನೆ: ಅಮೆರಿಕದಲ್ಲಿ ಕೆಲಸದಲ್ಲಿದ್ದೇನೆ. ವಲಸೆ ಇಲಾಖೆಯಿಂದ ಅಂತ ಫೋನ್ ಬಂತು. ವೀಸಾದಲ್ಲಿ ತೊಂದರೆ ಇದೆ, ಗಿಫ್ಟ್ ಕಾರ್ಡಿನಲ್ಲಿ ದಂಡ ಕಟ್ಟಿ, ಲೈನ್ ಕಟ್ ಮಾಡಬೇಡಿ ಎಂದರು. ನಂಬರು ಇಲಾಖೆಯದ್ದೇ ಇತ್ತು!

ಉತ್ತರ: ಪರದೆ ಮೇಲೆ ಕಾಣುವ ನಂಬರನ್ನು ನಂಬಬೇಡಿ. ಬೇರೆಯವರ ನಂಬರು ಕಾಣುವಂತೆ ಕರೆ ಮಾಡುವುದು ಇವರಿಗೆ ಸುಲಭ. ರಾಯಭಾರ ಕಚೇರಿಯ ಹೆಸರಲ್ಲೂ ಹೀಗೇ ಕರೆ ಬರುತ್ತದೆ. ಯಾವ ಸರ್ಕಾರವೂ ಗಿಫ್ಟ್ ಕಾರ್ಡಿನಲ್ಲಿ ದಂಡ ಕಟ್ಟಿಸಿಕೊಳ್ಳುವುದಿಲ್ಲ. ಲೈನ್ ಕಟ್ ಮಾಡಬೇಡಿ, ಯಾರಿಗೂ ಹೇಳಬೇಡಿ ಎನ್ನುವುದು ನೀವು ಇನ್ನೊಬ್ಬರನ್ನು ಕೇಳಬಾರದು ಅಂತಲೇ. ಕೇಳಿದರೆ ಗುಟ್ಟು ಬಯಲಾಗುತ್ತದೆ.

ಫೋನ್ ಇಟ್ಟುಬಿಡಿ. ಮರ್ಯಾದೆಗಾಗಿಯೂ ಮಾತು ಮುಂದುವರಿಸಬೇಡಿ. ಇಲಾಖೆಯ ವೆಬ್‌ಸೈಟಿನಿಂದ ನೀವೇ ನಂಬರು ಹುಡುಕಿ ಕರೆ ಮಾಡಿ. ಈಗಾಗಲೇ ಕಾರ್ಡಿನ ಸಂಖ್ಯೆ ಓದಿ ಹೇಳಿದ್ದರೆ, ಕಾರ್ಡು ಮತ್ತು ಬಿಲ್ಲು ಕೈಯಲ್ಲಿಟ್ಟುಕೊಂಡು ಆ ಕಾರ್ಡಿನ ಕಂಪನಿಗೆ ತಕ್ಷಣ ತಿಳಿಸಿ. ಖರ್ಚಾಗದೆ ಉಳಿದ ಹಣವನ್ನು ಕೆಲವೊಮ್ಮೆ ತಡೆಯುತ್ತಾರೆ. ದೂರು ಕೊಡಲು ಅಲ್ಲಿ ಗ್ರಾಹಕರ ರಕ್ಷಣೆಯ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಇದೆ, ಇಂಟರ್ನೆಟ್ ಮೂಲಕ ಆದದ್ದಕ್ಕೆ ಎಫ್‌ಬಿಐನ ದೂರು ಕೇಂದ್ರ ಐಸಿ3 ಇದೆ. ಹಣ ಹೋಗದಿದ್ದರೂ ದೂರು ಕೊಡಿ.

ಪ್ರಶ್ನೆ: ಬ್ಯಾಂಕಾಕ್‌ಗೆ ಹೊರಟಿದ್ದೇವೆ. ಯಾವುದಕ್ಕೆ ಹುಷಾರಾಗಿರಬೇಕು?

ಉತ್ತರ: ಗ್ರ್ಯಾಂಡ್ ಪ್ಯಾಲೇಸ್ ಹತ್ತಿರ ಯಾರಾದರೂ ತಾವಾಗಿಯೇ ಬಂದು "ಇವತ್ತು ಅರಮನೆ ಮುಚ್ಚಿದೆ, ಬೇರೆ ಕಡೆ ಕರೆದೊಯ್ಯುತ್ತೇನೆ" ಎಂದರೆ ನಗುತ್ತಾ ಮುಂದೆ ನಡೆಯಿರಿ, ಬಾಗಿಲ ತನಕ ಹೋಗಿ ಕಣ್ಣಾರೆ ನೋಡಿ. ಆ ಟುಕ್‌ಟುಕ್ ಕೊನೆಗೆ ನಿಲ್ಲುವುದು ಹರಳಿನ ಅಂಗಡಿಯ ಮುಂದೆ. ಥಾಯ್ಲೆಂಡಿನ ಪ್ರವಾಸಿ ಪೊಲೀಸರ ನಂಬರು 1155, ಇಂಗ್ಲಿಷ್‌ನಲ್ಲೇ ಮಾತಾಡಬಹುದು. ವಿಮೆ ಮಾಡಿಸಿದ್ದರೆ, ಕಳವಾದದ್ದಕ್ಕೆ ಪೊಲೀಸರ ವರದಿ ಕೇಳುತ್ತಾರೆ. ಊರು ಬಿಡುವ ಮೊದಲೇ ಅದರ ಪ್ರತಿ ಪಡೆಯಿರಿ.

ಪ್ರಶ್ನೆ: ಕಳೆದುಕೊಂಡ ಹಣ ವಾಪಸ್ ಕೊಡಿಸುತ್ತೇವೆ ಎಂದು ಒಂದು ಸಂಸ್ಥೆಯವರು ಮೆಸೇಜ್ ಮಾಡಿದ್ದಾರೆ. ಮೊದಲು ಸ್ವಲ್ಪ ಫೀಸು ಕೇಳುತ್ತಿದ್ದಾರೆ.

ಉತ್ತರ: ಕೊಡಬೇಡಿ. ಇದು ಎರಡನೇ ಮೋಸ. ಒಮ್ಮೆ ಮೋಸ ಹೋದವರ ಪಟ್ಟಿಗಳನ್ನು ಕಳ್ಳರೇ ತಮ್ಮತಮ್ಮಲ್ಲಿ ಮಾರಿಕೊಳ್ಳುತ್ತಾರೆ. ಪೊಲೀಸರಾಗಲಿ ಬ್ಯಾಂಕಾಗಲಿ ಹಣ ಹಿಂದಿರುಗಿಸಲು ಮುಂಗಡ ಕೇಳುವುದಿಲ್ಲ. ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಿಂದ ಹೋದ ಹಣವನ್ನು ಬ್ಯಾಂಕಿನ ಮೂಲಕ ವಾಪಸ್ ಪಡೆಯುವ ವ್ಯವಸ್ಥೆ, ಕೇಳಿ, ಅದಕ್ಕೆ ಬ್ಯಾಂಕಿನ ಒಂದು ಅರ್ಜಿ ಸಾಕು. ಮಾರಿದವರು ಬೇರೆ ದೇಶದವರಾಗಿದ್ದರೆ, ಹಲವು ದೇಶಗಳ ಗ್ರಾಹಕ ಇಲಾಖೆಗಳು ಸೇರಿ ನಡೆಸುವ ಇಕನ್ಸ್ಯೂಮರ್ ಡಾಟ್ ಗವ್ (econsumer.gov) ಎಂಬ ತಾಣದಲ್ಲಿ ದೂರು ದಾಖಲಿಸಿ. ಅವರು ನಿಮ್ಮ ಪರವಾಗಿ ಹಣ ವಸೂಲಿ ಮಾಡಿಕೊಡುವುದಿಲ್ಲ, ಆದರೆ ಇಂಥ ದೂರುಗಳನ್ನು ಒಟ್ಟುಗೂಡಿಸಿ ನೋಡಿಯೇ ಆಯಾ ದೇಶದ ಅಧಿಕಾರಿಗಳು ತಂಡಗಳ ಜಾಡು ಹಿಡಿಯುತ್ತಾರೆ. ಈಗ ಬಂದಿರುವ ಆ ಮೆಸೇಜನ್ನೂ ದೂರಿಗೆ ಸೇರಿಸಿ, ಆಮೇಲೆ ಆ ನಂಬರನ್ನು ಬ್ಲಾಕ್ ಮಾಡಿ.