ಓದುಗರ ಪ್ರಶ್ನೆ: ಕರ್ನಲ್ ಕೋಡ್‌ನ ವಿವರಣೆಯನ್ನು ಪರಿಶೀಲಿಸುವ ಬಗೆ

ಪ್ರಶ್ನೆ: ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬ್ಲಾಕ್ ಲೇಯರ್‌ಗೆ, ಅಂದರೆ ಡಿಸ್ಕ್‌ಗಳ ಓದು-ಬರಹವನ್ನು ನಿರ್ವಹಿಸುವ ಭಾಗಕ್ಕೆ, ಸಹೋದ್ಯೋಗಿಯೊಬ್ಬರು ಬರೆದ ವಿವರಣಾ ಟಿಪ್ಪಣಿಗಳನ್ನು ನಾನು ಪರಿಶೀಲಿಸಬೇಕಾಗಿದೆ. ಭಾಷೆಯನ್ನು ತಿದ್ದಿದರೆ ಸಾಕೇ?
– ಓದುಗರು, ವಿರಾಜಪೇಟೆ

ಉತ್ತರ: ಸಾಲದು. ಬಿಟ್ಟುಹೋದ ಅಥವಾ ಹೆಸರು ತಪ್ಪಿದ ಪ್ಯಾರಾಮೀಟರ್‌ಗಳನ್ನು ಇಂಥ ಟಿಪ್ಪಣಿಗಳನ್ನು ಓದುವ ಕರ್ನಲ್-ಡಾಕ್ ಸ್ಕ್ರಿಪ್ಟ್ ತಾನೇ ತೋರಿಸುತ್ತದೆ. ನಿಮ್ಮ ಶ್ರಮ ಅದಕ್ಕೆ ಕಾಣದ ಸಂಗತಿಗಳಿಗೆ ಮೀಸಲಾಗಲಿ. ಫಂಕ್ಷನ್ ಯಾವ ಲಾಕ್ (ಒಂದೇ ದತ್ತಾಂಶವನ್ನು ಹಲವರು ಏಕಕಾಲಕ್ಕೆ ಬದಲಿಸದಂತೆ ತಡೆಯುವ ಬೀಗ) ಹಿಡಿದಿರುವಾಗ ಕರೆಯಲ್ಪಡಬೇಕು, ಅದು ಸ್ಲೀಪ್ ಆಗಬಹುದೇ (ಕಾಯುತ್ತಾ ನಿಲ್ಲಬಹುದೇ), ಕೆಲಸ ವಿಫಲವಾದಾಗ ಬಯೋವನ್ನು (ಒಂದು ಓದು ಅಥವಾ ಬರಹದ ವಿನಂತಿಯ ವಿವರಗಳಿರುವ ರಚನೆ) ಬಿಡುಗಡೆ ಮಾಡುವ ಹೊಣೆ ಯಾರದು ಎಂಬುದನ್ನು ಟಿಪ್ಪಣಿಯನ್ನು ನಂಬದೆ ಕೋಡ್ ಓದಿಯೇ ಖಚಿತಪಡಿಸಿಕೊಳ್ಳಬೇಕು. ಡಿಸ್ಕ್‌ನ ಬ್ಲಾಕ್ 4096 ಬೈಟ್‌ಗಳದ್ದಾಗಿದ್ದರೂ ಬಯೋದಲ್ಲಿನ ಸೆಕ್ಟರ್ ಲೆಕ್ಕ 512 ಬೈಟ್‌ಗಳದ್ದೇ. ಆ ಅಳತೆಯನ್ನು ಸ್ಪಷ್ಟಪಡಿಸದ ಟಿಪ್ಪಣಿಯನ್ನು ನಾನಾದರೆ ಹಿಂದಿರುಗಿಸುತ್ತೇನೆ.

ಅತಿ ಹೆಚ್ಚು ಎಚ್ಚರ ಬೇಕಾದುದು ಫ್ಲಶ್‌ನ ವಿಷಯದಲ್ಲಿ, ಅಂದರೆ ಡಿಸ್ಕ್‌ನ ತಾತ್ಕಾಲಿಕ ಸ್ಮರಣೆಯಾದ ಕ್ಯಾಶ್‌ನಲ್ಲಿರುವುದನ್ನು ಶಾಶ್ವತ ಸಂಗ್ರಹಕ್ಕೆ ಇಳಿಸುವ ವಿಷಯದಲ್ಲಿ. ಬರೆದಾಯಿತೆಂದು ಡಿಸ್ಕ್ ತಿಳಿಸಿದ ಮೇಲೂ ದತ್ತಾಂಶ ಅದರ ಕ್ಯಾಶ್‌ನಲ್ಲೇ ಉಳಿದಿರಬಹುದು, ಮತ್ತು ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಗುವ ಕೊಡಗಿನಲ್ಲಿ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಯೋಗೆ ಹಚ್ಚುವ ಪ್ರೀಫ್ಲಶ್ ಗುರುತು ಅದಕ್ಕೂ ಮೊದಲೇ ಪೂರ್ಣಗೊಂಡ ಬರಹಗಳನ್ನು ಶಾಶ್ವತ ಸಂಗ್ರಹಕ್ಕೆ ಸೇರಿಸುತ್ತದೆಯೇ ಹೊರತು, ಇನ್ನೂ ದಾರಿಯಲ್ಲಿರುವ ಬರಹಗಳ ಬಗ್ಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಬರಹ ಶಾಶ್ವತ ಸಂಗ್ರಹ ಸೇರಿದ ಮೇಲೆಯೇ ಮುಗಿಯಿತೆಂದು ತಿಳಿಸಬೇಕೆನ್ನುವ ಎಫ್‌ಯುಎ ಗುರುತು, ಅದನ್ನು ಹೊತ್ತ ಒಂದು ಬರಹಕ್ಕಷ್ಟೇ ಅನ್ವಯಿಸುತ್ತದೆ. "ಎಲ್ಲ ದತ್ತಾಂಶ ಸುರಕ್ಷಿತ" ಎಂಬ ವಾಕ್ಯ ಕಂಡರೆ ದಯವಿಟ್ಟು ಪ್ರಶ್ನಿಸಿ, ಏಕೆಂದರೆ ಫೈಲ್ ಸಿಸ್ಟಮ್ ಬರೆಯುವವರು ಅದನ್ನು ನಂಬಿಯೇ ಮುಂದುವರಿಯುತ್ತಾರೆ.

ಡಿಸ್ಕ್‌ನ ವಿನಂತಿಗಳನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಿದ್ದ ಹಳೆಯ ಏಕ-ಸರತಿ ವ್ಯವಸ್ಥೆಯ ಉಲ್ಲೇಖಗಳಿದ್ದರೆ ತೆಗೆಸಿ, 2019ರ 5.0 ಆವೃತ್ತಿಯಿಂದ ಅದು ಕರ್ನಲ್‌ನಲ್ಲಿಲ್ಲ. ಇಷ್ಟನ್ನೂ ನೋಡಿದ ಮೇಲೆಯೇ ಪರಿಶೀಲಿಸಿದವರನ್ನು ಹೆಸರಿಸುವ ರಿವ್ಯೂಡ್-ಬೈ ಸಾಲಿನಲ್ಲಿ ನಿಮ್ಮ ಹೆಸರು ಹಾಕಿ.